ಮೆಟ್ಟಿಲ ಕೆಳಗಿನ ಬಾಯಿಲ್ಲದ ಮನುಷ್ಯರು

ಆ ಭಾನುವಾರ ಬೆಳಿಗ್ಗೆ ಆರ್‌ಪಿಸಿ ಲೇಔಟಿನ ನಮ್ಮ ಮನೆಯ ಹಿತ್ತಲಲ್ಲಿ, ತಾರಸಿಗೆ ಹತ್ತುವ ಮೆಟ್ಟಿಲ ಕೆಳಗಿನ ಸಂದಿಯ ಮುಂದೆ ಮನೆಮಂದಿಯೆಲ್ಲ ನಿಂತಿದ್ದರು. ತಲೆಗೆ ಹರಳೆಣ್ಣೆ ಮೆತ್ತಿಕೊಂಡು, ಬರೀ ಟವೆಲ್ಲು ಸುತ್ತಿಕೊಂಡ ಅಪ್ಪ. ಅವನ ಪಕ್ಕ ಅಜ್ಜಿ, ಸೊಂಟದ ಎಲೆಅಡಿಕೆ ಚೀಲವನ್ನು ಯಾರೋ ಕಿತ್ತುಕೊಂಡು ಓಡುತ್ತಾರೆ ಅನ್ನುವ ಹಾಗೆ ಅದುಮಿ ಹಿಡಿದು. ಅಮ್ಮನ ಕೈಯಲ್ಲಿ ಟಾರ್ಚು. ಅಕ್ಕ ಸುಮ ಎಲ್ಲರ ಕಂಕುಳ ಸಂದಿಯಿಂದ ತಲೆ ತೂರಿಸಿದ್ದಳು. ನಾನು ಅಮ್ಮನ ಸೆರಗಿನ ಹಿಂದೆ. ಆಚೆ ಔಟ್‌ಹೌಸಿನ ಬಾಗಿಲಲ್ಲಿ, ಕರೆಯದೆ ಹತ್ತಿರ ಬರಬಾರದು ಅನ್ನುವಂತೆ, ನಮ್ಮ ಬಾಡಿಗೆಯವರಾದ ಜಯಮ್ಮ ಆಂಟಿ. ಸ್ನಾನದ ಹಂಡೆಗೆ ಉರಿ ಹಾಕಲು ತೆಂಗಿನ ಕರಟ ತೆಗೆಯೋಣವೆಂದು ಅಮ್ಮ ಆ ಸಂದಿಗೆ ಬಗ್ಗಿದ್ದಳು. ಕರಟದ ರಾಶಿ ಕರಗುತ್ತ ಬಂದು ಹಿಂದಿನ ಗೋಡೆ ಕಾಣುವಂತಾಗಿತ್ತು. ಗೋಡೆಯ ತುಂಬ ಮನುಷ್ಯರಿದ್ದರು. ಕಪ್ಪು ಮೈ, ಮೈಯ ಸುತ್ತ ರಕ್ತದಂಥ ಕೆಂಪು, ಆ ಕೆಂಪಿನ ನಡುವೆ ಅಲ್ಲಲ್ಲಿ ಹಳದಿ. ಯಾರಿಗೂ ಬಾಯಿ ಇರಲಿಲ್ಲ. ಕೆಳಗೆ ನೆಲದಲ್ಲಿ ಹಿಂಡಿದ ನಿಂಬೆಹಣ್ಣಿನ ಹೋಳು, ಇದ್ದಿಲ ಚೂರು, ಚೆಲ್ಲಿದ ಅರಿಶಿನ.

"ಮಾಟ ಕಣ್ಲಾ ಇದು," ಅಂದಳು ಅಜ್ಜಿ.

"ಸುಮ್ನಿರವ್ವ ನೀನು," ಅಂದ ಅಪ್ಪ. ಅಂದವನು ಮುಂದಿಟ್ಟ ಕಾಲನ್ನು ಹಿಂದಕ್ಕೆ ತೆಗೆದುಕೊಂಡ.

"ಬಾಯಿ ಎಲ್ಲೈತೆ ತೋರ್ಸು! ಬಾಯಿ ಕಟ್ಟೋ ಮಾಟ ಮಾಡವ್ರೆ. ಈ ಮಗೀಗೆ ಯಾಕ್ ಮಾತು ಹೊರಡ್ತಿಲ್ಲ ಅಂತ ಈಗ ಗೊತ್ತಾಯ್ತಾ?"

ಎಲ್ಲರೂ ನನ್ನನ್ನು ನೋಡಿದರು. ಆಮೇಲೆ ಒಬ್ಬೊಬ್ಬರಾಗಿ ತಿರುಗಿ ಔಟ್‌ಹೌಸಿನ ಬಾಗಿಲನ್ನು ನೋಡಿದರು.

ಈಗಲೇ ಹೇಳಿಬಿಡುತ್ತೇನೆ, ಆ ಗೋಡೆಯ ಮೇಲೆ ಬರೆದವಳು ನಾನು. ಎರಡನೇ ಕ್ಲಾಸಿನಲ್ಲಿದ್ದೆ. ಅದನ್ನು ಆ ಕ್ಷಣವೇ ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ನಿಜ. ಆದರೆ ಅಷ್ಟು ಜನ ಒಟ್ಟಿಗೆ ನಿಂತು ನನ್ನ ಮುಖವನ್ನೇ ನೋಡಿದರೆ ನನ್ನ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತಿತ್ತು. ಮಾತು ಬರುತ್ತಿರಲಿಲ್ಲ ಅಂತಲ್ಲ. ಬೆಕ್ಕಿನ ಜೊತೆ, ತುಳಸಿ ಗಿಡದ ಜೊತೆ, ಹಾಸಿಗೆಯಲ್ಲಿ ಸುಮಳ ಬೆನ್ನಿನ ಜೊತೆ ಚೆನ್ನಾಗಿಯೇ ಆಡುತ್ತಿದ್ದೆ. ಮುಖವಿರುವವರ ಎದುರಿಗೆ ಮಾತ್ರ ಆಗುತ್ತಿರಲಿಲ್ಲ.

ನಮ್ಮದು ಮಾತಿನ ಮನೆ. ಅಜ್ಜಿ ಹಳೇ ನಾಯಂಡಹಳ್ಳಿಯ ಹೊಲಮನೆಯವಳು. ಒಂದು ಬದುವಿನಿಂದ ಇನ್ನೊಂದು ಬದುವಿಗೆ ಕೂಗಿ ಮಾತಾಡಿದ ಗಂಟಲು, ಹೊಲ ಹೋಗಿ ಸೈಟುಗಳಾದರೂ ಸಣ್ಣದಾಗಿರಲಿಲ್ಲ. ಸೊಪ್ಪಿನವಳ ಜೊತೆ ಚೌಕಾಸಿಗೆ ನಿಂತಳೆಂದರೆ ಎದುರು ಮನೆಯವರು ಇವತ್ತು ಯಾವ ಸೊಪ್ಪು ಬಂತೆಂದು ಒಳಗಿನಿಂದಲೇ ತಿಳಿದುಕೊಳ್ಳುತ್ತಿದ್ದರು. ಅಪ್ಪ ಪೀಣ್ಯದ ಕಾರ್ಖಾನೆಯಲ್ಲಿ ಮಿಷನ್ನುಗಳ ಸದ್ದಿನ ಮೇಲೆ ಕೂಗಾಡಿ ಬಂದವನು, ಉಪ್ಪು ಕೇಳುವುದನ್ನೂ ಕೂಗಿಯೇ ಕೇಳುತ್ತಿದ್ದ. ಅಮ್ಮ ಬಾಯಲ್ಲಿ ಹೇಳಲಾರದ್ದನ್ನು ಪಾತ್ರೆಗಳಲ್ಲಿ ಹೇಳುತ್ತಿದ್ದಳು. ಸುಮ ನಿದ್ದೆಯಲ್ಲೂ ಸುಮ್ಮನಿರುತ್ತಿರಲಿಲ್ಲ. ಇಂಥ ಮನೆಯಲ್ಲಿ ಮಾತಾಡದೆ ಕೂತ ಮಗುವನ್ನು ನಂಬುವುದು ಹೇಗೆ? ಬೆಲ್ಲದ ಡಬ್ಬಿಯಲ್ಲಿ ಉಂಡೆ ಕಮ್ಮಿಯಾದರೆ, ದೇವರ ಮುಂದಿನ ಬಾಳೆಹಣ್ಣು ಕಾಣದಿದ್ದರೆ, ಮೊದಲ ವಿಚಾರಣೆ ನನ್ನದು. ತಿಂದವಳು ಎಷ್ಟೋ ಸಲ ಸುಮಳೇ. ಆದರೆ ಅವಳು ಇಲ್ಲವೆಂದು ಎಷ್ಟು ರಾಗವಾಗಿ ಹೇಳುತ್ತಿದ್ದಳೆಂದರೆ ಕೇಳುವವರಿಗೆ ಅಷ್ಟರಲ್ಲೇ ಬೇಸರವಾಗಿಬಿಡುತ್ತಿತ್ತು.

"ಮಾತಾಡೋರು ತಿಂದಿದ್ರೆ ಬಾಯಲ್ಲಿ ಕಂಡ್ಬಿಡ್ತದೆ," ಅನ್ನುತ್ತಿದ್ದಳು ಅಜ್ಜಿ. "ಇದು ಬಾಯೇ ತೆಗಿಯಾಕಿಲ್ಲ. ಏನಂತ ಕಂಡ್ಕಳಾದು?"

ನನ್ನ ಬಾಯಿ ತೆಗೆಸಲು ಅವಳು ಮಾಡದ ಪ್ರಯತ್ನವಿಲ್ಲ. ಬಜೆ ಬೇರನ್ನು ಜೇನಿನಲ್ಲಿ ತೇಯ್ದು ನಾಲಿಗೆಗೆ ಸವರುತ್ತಿದ್ದಳು. ಆ ಕಹಿಗೆ ಇದ್ದ ಎರಡು ಮಾತೂ ಹೊಟ್ಟೆಯೊಳಕ್ಕೆ ಇಳಿದುಹೋಗುತ್ತಿದ್ದವು. ನೆಂಟರು ಬಂದು "ಏನ್ ಪುಟ್ಟಾ ನಿನ್ ಹೆಸ್ರು?" ಅಂದರೆ ನಾನು ಬಾಗಿಲ ಹಿಂದೆ. "ನಾಗರತ್ನ ಅಂತ ಆಂಟಿ, ನಾಗು ಅಂತೀವಿ, ಅವ್ಳು ಮಾತಾಡಲ್ಲ, ನಾನು ಸುಮ, ನಾನು ಹಾಡ್ತೀನಿ ಹಾಡ್ಲಾ?" ಅಂತ ಸುಮ ನನ್ನ ಪಾಲನ್ನೂ ಸೇರಿಸಿ ಮುಗಿಸುತ್ತಿದ್ದಳು. ಕಿವಿ ಮಾತ್ರ ತೆರೆದೇ ಇತ್ತು. ಇವತ್ತು ನಾನು ಕಾಗದದ ಮೇಲೆ ಧಾರಾಳವಾಗಿ ಮಾತಾಡುತ್ತಿದ್ದರೆ ಅದು ಅಜ್ಜಿಯ ಬಾಯಿಂದ ಬಿದ್ದದ್ದನ್ನು ಬಾಗಿಲ ಹಿಂದೆ ನಿಂತು ಆರಿಸಿಕೊಂಡದ್ದು.

ಅವರಿಗೆ ನನ್ನ ಮೇಲೆ ಅನುಮಾನ ಇದ್ದ ಹಾಗೆ ನನಗೂ ಅವರ ಮೇಲೆ ಇತ್ತು. ಮಾತಾಡುವಾಗ ಇವರೆಲ್ಲ ಬೇರೆ ಯಾರೋ ಆಗುತ್ತಾರೆ ಅನ್ನಿಸುತ್ತಿತ್ತು. ಹಾಲಿನವನ ಹತ್ತಿರ ಅಜ್ಜಿ, "ಹೊಲ ಹೋಗಿದ್ದೇ ಒಳ್ಳೇದಾಯ್ತು ಬಿಡಪ್ಪ, ಯಾರ್ ಗೇಯ್ತಾರೆ ಅದ್ನ" ಅಂತ ನಗುತ್ತಿದ್ದಳು. ಮಧ್ಯಾಹ್ನ ಊಟವಾದ ಮೇಲೆ ಅದೇ ಅಜ್ಜಿ ತಾರಸಿ ಹತ್ತಿ, ನಾಯಂಡಹಳ್ಳಿಯ ದಿಕ್ಕಿಗೆ ಮುಖ ಮಾಡಿ, ಒಂದು ಕಾಲು ಚಾಚಿ ಕೂರುತ್ತಿದ್ದಳು. ಬೆರಳುಗಳು ಮಡಿಲಲ್ಲಿ ಏನನ್ನೋ ಬಿಡಿಸುತ್ತಿದ್ದವು, ಅವರೆಕಾಯಿ ಸುಲಿದ ಹಾಗೆ. ಮಡಿಲಲ್ಲಿ ಏನೂ ಇರುತ್ತಿರಲಿಲ್ಲ. ನೀರಿನ ಟ್ಯಾಂಕಿನ ಹಿಂದೆ ಕೂತು ನಾನು ನೋಡುತ್ತಿದ್ದೆ. ಹಾಲಿನವನ ಹತ್ತಿರ ನಗುವ ಅಜ್ಜಿಯನ್ನು ನಾನು ನಂಬುತ್ತಿರಲಿಲ್ಲ. ಇವಳನ್ನು ನಂಬುತ್ತಿದ್ದೆ.

ಜಯಮ್ಮ ಆಂಟಿ ಔಟ್‌ಹೌಸಿಗೆ ಬಂದ ಮೇಲೆ ಮನೆಯಲ್ಲಿ ಮಾತಾಡದವರು ಇಬ್ಬರಾದರು. ಅವರು ಒಂಟಿ ಹೆಂಗಸು, ಊದುಬತ್ತಿ ಹೊಸೆಯುವ ಕೆಲಸ. ಕಾರ್ಖಾನೆಯಿಂದ ಇದ್ದಿಲಿನ ಕಪ್ಪು ಹಿಟ್ಟು ತಂದು, ನಾದಿ, ಮಣೆಯ ಮೇಲೆ ಬಿದಿರು ಕಡ್ಡಿಗೆ ಅಂಗೈಯಲ್ಲಿ ಉಜ್ಜಿ ಉಜ್ಜಿ ಬತ್ತಿ ಮಾಡುತ್ತಿದ್ದರು. ಮೊಣಕೈವರೆಗೂ ಕಪ್ಪು. ನಾನು ಹೊಸ್ತಿಲಲ್ಲಿ ಕೂತರೆ ಹೆಸರು ಕೇಳಲಿಲ್ಲ, ಯಾವ ಕ್ಲಾಸು ಅನ್ನಲಿಲ್ಲ. ಕಾಲಿಗೆ ತಾಗುತ್ತಿದ್ದ ಕಡ್ಡಿಯ ಕಟ್ಟನ್ನು ಒಂಚೂರು ಆಚೆ ಸರಿಸಿ ನನಗೆ ಜಾಗ ಮಾಡಿಕೊಟ್ಟರು, ಅಷ್ಟೆ. ಒಂದು ದಿನ ಸುಮ ಬಂದು ನನ್ನ ಜಡೆ ಎಳೆದಳು.

"ಆಂಟಿ, ಇವ್ಳು ಮೂಗಿ. ಇಲ್ಲಿ ಕೂತ್ಕೊಂಡು ಏನ್ಮಾಡ್ತಾಳೆ?"

"ನೋಡ್ತಾ ಇದಾಳೆ ಕಣಮ್ಮ," ಅಂದರು ಆಂಟಿ, ಕೈ ನಿಲ್ಲಿಸದೆ. "ಅದೂ ಕೆಲ್ಸಾನೇ. ಮಾಡ್ಲಿ ಬಿಡು."

ನಾನು ಮಾಡುತ್ತಿದ್ದುದಕ್ಕೆ ಕೆಲಸ ಅನ್ನುವ ಹೆಸರು ಸಿಕ್ಕಿದ್ದು ಆವತ್ತು. ಅಲ್ಲಿಂದ ಧೈರ್ಯ ಬಂತು. ನೋಡಿದ್ದನ್ನು ಎಲ್ಲಾದರೂ ಇಡಬೇಕು ಅನ್ನಿಸಿತು. ಸ್ಲೇಟಿನಲ್ಲಿ ಬರೆದರೆ ಸುಮ ಉಗುಳಿ ಒರೆಸುತ್ತಾಳೆ. ಮೆಟ್ಟಿಲ ಕೆಳಗಿನ ಸಂದಿಯಲ್ಲಿ, ಕರಟದ ರಾಶಿಯ ಹಿಂದೆ ನನ್ನಷ್ಟು ಮೈಯವರು ಮಾತ್ರ ತೂರಬಹುದಿತ್ತು. ಕಪ್ಪಿಗೆ ಹಂಡೆ ಒಲೆಯ ಇದ್ದಿಲು. ಕೆಂಪಿಗೆ ಅಜ್ಜಿಯನ್ನೇ ಗುರು ಮಾಡಿಕೊಂಡೆ. ಆರತಿಗೆ ಓಕುಳಿ ಕಲೆಸುವಾಗ ಅವಳು ಅರಿಶಿನದ ನೀರಿಗೆ ತನ್ನ ಎಲೆಅಡಿಕೆಯ ಸುಣ್ಣ ಒಂದಿಷ್ಟು ಹಾಕಿದರೆ ಹಳದಿಯೆಲ್ಲ ಕೆಂಪಾಗುವುದನ್ನು ಬಹಳ ಸಲ ನೋಡಿದ್ದೆ. ಕೆಂಪನ್ನು ಮತ್ತೆ ಹಳದಿ ಮಾಡುವ ವಿದ್ಯೆ ಸಿಕ್ಕಿದ್ದು ಜಯಮ್ಮ ಆಂಟಿಯ ನಿಂಬೆಹೋಳಿನಿಂದ. ಸಂಜೆ ಕೆಲಸ ಮುಗಿಸಿ ಅವರು ನಿಂಬೆಹಣ್ಣು ಹೆಚ್ಚಿ ಕೈಯ ಕಪ್ಪು ಉಜ್ಜಿ ಹೋಳನ್ನು ಹಿತ್ತಲಿಗೆ ಎಸೆಯುತ್ತಿದ್ದರು. ಆರಿಸಿ ತಂದ ಒಂದು ಹೋಳು ನನ್ನ ಕೆಂಪಿನ ಮೇಲೆ ಬಿತ್ತು. ಬಿದ್ದಲ್ಲಿ ಬಿಸಿಲು ಬಂದ ಹಾಗೆ ಹಳದಿ. ಆಮೇಲೆ ದಿನಾ ಆರಿಸತೊಡಗಿದೆ. ಆಂಟಿ ನೋಡಿದರು. ಹೋಳುಗಳನ್ನು ಎಸೆಯುವ ಬದಲು ಕಲ್ಲಿನ ಮೇಲೆ ಇಡತೊಡಗಿದರು.

ಹೀಗೆ ನಮ್ಮ ಮನೆಯಲ್ಲಿ ಇದ್ದಿಲು, ಅರಿಶಿನ, ಸುಣ್ಣ, ಹಿಂಡಿದ ನಿಂಬೆಹಣ್ಣು, ಬಾಯಿಲ್ಲದ ಮನುಷ್ಯರು, ಎಲ್ಲ ಒಂದೇ ಕತ್ತಲ ಮೂಲೆಯಲ್ಲಿ ಸೇರಿದವು. ಇನ್ನೇನು ಬೇಕಿತ್ತು ಅಜ್ಜಿಗೆ?

ಅಪ್ಪ ತಲೆಯ ಎಣ್ಣೆಯಲ್ಲೇ ಸೈಕಲ್ಲು ಹತ್ತಿ ಹೋಗಿ ಲಗ್ಗೆರೆಯಿಂದ ಪೂಜಾರಪ್ಪನನ್ನು ಕರೆದುತಂದ. ವಾರವೆಲ್ಲ ವೆಲ್ಡಿಂಗ್ ಮಾಡಿ ಭಾನುವಾರ ಮಾತ್ರ ಮಾಟ ತೆಗೆಯುವವನು. ಮೊಪೆಡ್ಡಿನಲ್ಲಿ ಬಂದ, ಹಣೆಯಲ್ಲಿ ಅಂಗೈಯಗಲ ಕುಂಕುಮ. ಸಂದಿಗೆ ಬಗ್ಗಿ ನೋಡಿ, ನಾಲಿಗೆಯಲ್ಲಿ ಲೊಚ್ಚೆಂದು ಸದ್ದು ಮಾಡಿ, ಎದ್ದು ನಿಂತ.

"ಬಲವಾಗಿ ಮಾಡವ್ರೆ. ಮೊದ್ಲು ಮಗೀನ್ ಬಾಯಿ ಕಟ್ಟವ್ರೆ. ಆಮೇಲೆ ಮನೆಯವ್ರದು ಒಬ್ಬೊಬ್ರುದೇ. ಮನೇಲಿ ಇದ್ದಿಲು ಮುಟ್ಟೋರು ಯಾರು?"

ಅಜ್ಜಿ ಗಲ್ಲದಲ್ಲೇ ಔಟ್‌ಹೌಸ್ ತೋರಿಸಿದಳು.

"ದಿನಾ ನಿಂಬೆಹಣ್ಣು ತರೋರು?"

ಮತ್ತೆ ಅದೇ ಗಲ್ಲ.

"ಮಾತುಕತೆ ಹೆಂಗೆ?"

"ಮಾತೆಲ್ಲಿ ಬಂತು ಸ್ವಾಮಿ! ಬಂದು ವರ್ಷ ಆಗ್ತಾ ಬಂತು, ಊಟ ಆಯ್ತಾ ಅಂದ್ರೆ ಆಯ್ತು ಅಂತಾಳೆ. ಏನ್ ಸಾರು ಅಂದ್ರೆ ನಗ್ತಾಳೆ. ಯಾವ ಸಾರು ಅಂತ ಹೇಳಾಕೂ ಆಗದಂಥ ಸಾರು ಯಾವ್ದು?"

ಜಯಮ್ಮ ಆಂಟಿಯನ್ನು ಕರೆದರು. ಅವರು ಬಂದು ಕಪ್ಪು ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ನಿಂತರು. ಮುಚ್ಚಿಕೊಂಡದ್ದೇ ತಪ್ಪಾಯಿತು.

"ಕೈ ತೋರ್ಸಮ್ಮ," ಅಂದ ಪೂಜಾರಪ್ಪ.

ತೋರಿಸಿದರು. ಉಗುರಿನ ಸಂದಿಯಲ್ಲೆಲ್ಲ ಕಪ್ಪು.

"ನಂಗೇನೂ ಗೊತ್ತಿಲ್ಲ ದೊಡ್ಡಮ್ಮ," ಅಂದರು ಅಜ್ಜಿಯ ಕಡೆ ತಿರುಗಿ. ಅಷ್ಟೇ. ಅಳಲಿಲ್ಲ, ಆಣೆ ಇಡಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಎದೆ ಬಡಿದುಕೊಂಡು ಬೀದಿ ಸೇರಿಸುತ್ತಿದ್ದರು. ಹಾಗೆ ಮಾಡಿದ್ದರೆ ಅಜ್ಜಿ ನಂಬುತ್ತಿದ್ದಳೋ ಏನೋ.

"ನೋಡಿ, ನೋಡಿ, ಒಂದ್ ಮಾತಿಗೆ ಇನ್ನೊಂದ್ ಮಾತು ಹೊರಡ್ತದಾ? ಸಂಜೆ ಒಳಗೆ ಸಾಮಾನು ಎತ್ಕಂಡು ಹೊರಡಮ್ಮ ನೀನು," ಅಂದಳು ಅಜ್ಜಿ.

"ಅತ್ತೆ, ಒಂದ್ಸಲ ಸರಿಯಾಗಿ ವಿಚಾರ್ಸೋಣ," ಅಂದಳು ಅಮ್ಮ, ಮೆಲ್ಲಗೆ.

"ನೀನ್ ಸುಮ್ನಿರೇ. ನಿನ್ ಮಗಳ ಬಾಯಿ ಹೋಗಿರದು."

ಆಗ ಜಯಮ್ಮ ಆಂಟಿ ನನ್ನನ್ನು ನೋಡಿದರು. ನಾನು ಹೋಳು ಆರಿಸುವುದು ಅವರಿಗೆ ಗೊತ್ತಿತ್ತು. ಸಂದಿಯಿಂದ ನಾನು ಮಸಿ ಬಳಿದುಕೊಂಡು ಹೊರಬಂದಾಗ ಎಷ್ಟೋ ಸಲ ಅವರೇ ತಮ್ಮ ನೀರಿನಲ್ಲಿ ನನ್ನ ಕೈ ತೊಳೆದಿದ್ದರು. "ನಿಮ್ ಮಗೂನೇ ಕೇಳಿ" ಅಂದಿದ್ದರೆ ಸಾಕಿತ್ತು. ಅನ್ನಲಿಲ್ಲ. ನೋಡಿ, ಕಣ್ಣನ್ನು ಬೇರೆ ಕಡೆ ತಿರುಗಿಸಿಕೊಂಡರು. ನಾನು ಅಮ್ಮನ ಸೆರಗು ಬಿಟ್ಟು ಮುಂದೆ ಬಂದೆ. ಹೇಳಬೇಕೆಂದು ಬಾಯಿ ತೆಗೆದೆ. ಗಾಳಿ ಬಂತು, ಮಾತು ಬರಲಿಲ್ಲ. ಪೂಜಾರಪ್ಪ ಅದನ್ನೂ ಬಿಡಲಿಲ್ಲ. "ನೋಡ್ದ್ರಾ, ಒಳಗಿಂದ ಹಿಡ್ಕಂಡೈತೆ," ಅಂದ.

ನಾನು ಅಡುಗೆಮನೆಗೆ ಓಡಿ ಅರಿಶಿನದ ಬಟ್ಟಲು ತಂದೆ. ಒಲೆಯ ಬಾಯಿಂದ ಆರಿದ ಇದ್ದಿಲು ತೆಗೆದೆ. ಅಜ್ಜಿಯ ಸೊಂಟದ ಚೀಲಕ್ಕೆ ಕೈ ಹಾಕಿ ಸುಣ್ಣದ ಡಬ್ಬಿ ಎಳೆದೆ. ಅವಳು ಕಿರುಚಿಕೊಂಡಳು. ಹಿತ್ತಲ ಗೋಡೆ ಬಿಸಿಲಿಗೆ ಬೆಳ್ಳಗಿತ್ತು. ಅದರ ಮೇಲೆ ಬರೆಯತೊಡಗಿದೆ. ಎಲ್ಲರೂ ಬೆನ್ನ ಹಿಂದಿದ್ದರು. ಮುಖಗಳು ಕಾಣುತ್ತಿರಲಿಲ್ಲವಾದ್ದರಿಂದ ನನಗೆ ಕೈ ಬಂತು. ಮೊದಲು ಮೊಪೆಡ್ಡು. ಅದರ ಮೇಲೆ ಹೊಟ್ಟೆ. ಹೊಟ್ಟೆಯ ಮೇಲೆ ಪೂಜಾರಪ್ಪನ ತಲೆ, ಎರಡು ಕಣ್ಣು. ಅಂಗೈಯಲ್ಲಿ ಅರಿಶಿನಕ್ಕೆ ಸುಣ್ಣ ಕಲೆಸಿದೆ, ಕೆಂಪಾಯಿತು, ಹಣೆಗೆ ಬಳಿದೆ. ಬಾಯಿ ಬರೆಯಲಿಲ್ಲ.

"ಅಯ್ಯಯ್ಯೋ, ನಂದ್ಯಾಕೆ ಬರೀತೈತೆ ಇದು!" ಅಂತ ಪೂಜಾರಪ್ಪ ಎರಡು ಹೆಜ್ಜೆ ಹಿಂದೆ ಸರಿದ. ಅವನ ಕೈಯಲ್ಲಿ ಮಂತ್ರಿಸಿದ ನಿಂಬೆಹಣ್ಣು, ಅರ್ಧ ಕೊಯ್ದದ್ದು. ನಾನು ಕಿತ್ತುಕೊಂಡು ಗೋಡೆಯ ಕುಂಕುಮದ ಮೇಲೆ ಹಿಂಡಿದೆ. ಕುಂಕುಮ ಹಳದಿಯಾಗಿ ಇಳಿಯಿತು.

"ನೋಡಿ, ನನ್ ನಿಂಬೆಹಣ್ಣಿನ ಶಕ್ತಿ!" ಅಂದ ಪೂಜಾರಪ್ಪ, ಗಂಟಲು ಸರಿಮಾಡಿಕೊಂಡು. "ಇಳೀತಾ ಐತೆ."

ಮೊದಲು ನಕ್ಕವಳು ಸುಮ. "ಅಯ್ಯೋ ಸ್ವಾಮಿ, ಅದು ನೀವೇ! ನಿಮ್ ಗಾಡಿ ಹ್ಯಾಂಡಲ್ ಸೊಟ್ಟಗಿರೋದೂ ಬರ್ದಿದಾಳೆ! ಒಳಗಡೆ ಇರೋದೂ ಇವ್ಳೇ ಬರ್ದಿರೋದು, ನಮ್ ನಾಗು!"

ಅಪ್ಪನಿಗೂ ನಗು ಬಂತು, ಎಣ್ಣೆ ಕಣ್ಣಿಗಿಳಿದ ನೆಪದಲ್ಲಿ ಮುಖ ಒರೆಸಿಕೊಂಡ. ಪೂಜಾರಪ್ಪ ದಕ್ಷಿಣೆಯ ಮಾತೆತ್ತದೆ ಹೊರಟುಹೋದ. ಅಜ್ಜಿ ಮಾತ್ರ ನಗಲಿಲ್ಲ. ಟಾರ್ಚು ಕಿತ್ತುಕೊಂಡು ಸಂದಿಯೊಳಕ್ಕೆ ಬಗ್ಗಿದಳು. ಈ ಸಲ ಬಹಳ ಹೊತ್ತು ನೋಡಿದಳು. ಗೋಡೆಯಲ್ಲಿ ಒಂದು ಕಾಲು ಚಾಚಿ, ಖಾಲಿ ಮಡಿಲಲ್ಲಿ ಬೆರಳಾಡಿಸುತ್ತ ಕೂತ ಮುದುಕಿ ಇದ್ದಳು.

"ಇದ್ನ ಯಾವಾಗ ನೋಡ್ದೆ ನೀನು?" ಅಂದಳು, ಒಮ್ಮೆ ನನ್ನ ಕಡೆ ತಿರುಗಿ.

ನಾನು ತಾರಸಿಯ ಕಡೆ ಕೈ ತೋರಿಸಿದೆ.

"ಬಾಯ್ಯಾಕೆ ಬರೀಲಿಲ್ಲ?"

ಅವಳು ಸಂದಿಯೊಳಗೇ ಇದ್ದಳು. ಮುಖ ಮತ್ತೆ ಗೋಡೆಯ ಕಡೆಗಿತ್ತು. ಅದಕ್ಕೇ ಇರಬೇಕು, ಮಾತು ಬಂತು.

"ನೀನು ಮಾತಾಡದೆ ಇದ್ದಾಗ ನೋಡಿದ್ದು ಅಜ್ಜಿ."

ಅಮ್ಮ ತನ್ನ ಸರದಿಗೆ ಬಗ್ಗಿ ನೋಡಿದಳು. ಅವಳದು ಬರೀ ಬೆನ್ನು, ಮುಂದೆ ಒಲೆ. "ನನ್ ಮುಖ ಎಲ್ಲೇ?" ಅಂದಳು.  ಕೇಳಿ, ಟಾರ್ಚು ಆರಿಸಿದಳು.

ಅಲ್ಲಿಗೆ ಅನುಮಾನ ಹೋಯಿತೆಂದು ಬರೆದರೆ ನಮ್ಮ ಮನೆಯವರ ಬಗ್ಗೆ ಸುಳ್ಳು ಹೇಳಿದ ಹಾಗಾಗುತ್ತದೆ. ಅದು ಜಾಗ ಬದಲಾಯಿಸಿತು, ಅಷ್ಟೆ. ಇಷ್ಟು ದಿನ ನನ್ನ ಬಾಯಿಯ ಮೇಲಿದ್ದದ್ದು ಈಗ ಕಣ್ಣಿನ ಮೇಲೆ ಬಂತು. ನಾನು ಒಳಗೆ ಬಂದರೆ ಅಪ್ಪ ಪಂಚೆ ಸರಿಮಾಡಿಕೊಳ್ಳುತ್ತಿದ್ದ. ಸುಮ ಬೆಲ್ಲ ಕದಿಯುವ ಮೊದಲು ನಾನೆಲ್ಲಿದ್ದೇನೆ ಅಂತ ನೋಡಿಕೊಂಡು ಬರುತ್ತಿದ್ದಳು. ಅಜ್ಜಿ ತಾರಸಿ ಹತ್ತಿದರೆ ಮೊದಲು ಟ್ಯಾಂಕಿನ ಹಿಂದೆ ಇಣುಕಿ, "ಇದೀಯೇನೇ?" ಅಂತ ಕೇಳಿ ಆಮೇಲೆ ಕೂರುತ್ತಿದ್ದಳು. ಇದ್ದರೆ ಓಡಿಸುತ್ತಿರಲಿಲ್ಲ. ಬಜೆ ತೇಯುವುದನ್ನು ಮಾತ್ರ ನಿಲ್ಲಿಸಿದಳು.

ಜಯಮ್ಮ ಆಂಟಿಯನ್ನು ಯಾರೂ ಕ್ಷಮೆ ಕೇಳಲಿಲ್ಲ. ನಮ್ಮಲ್ಲಿ ಅದು ಬಾಯಲ್ಲಿ ಕೇಳುವಂಥದ್ದಲ್ಲ. ಅಮ್ಮ ಅವತ್ತು ಒಬ್ಬಟ್ಟು ಮಾಡಿ ತಟ್ಟೆ ಮುಚ್ಚಿ ಔಟ್‌ಹೌಸಿಗೆ ತೆಗೆದುಕೊಂಡು ಹೋದಳು. ನಾನೂ ಹಿಂದೆ ಹೋದೆ. ಆಂಟಿ ತಟ್ಟೆ ತೆಗೆದುಕೊಂಡರು, ತೊಳೆದು ಸಕ್ಕರೆ ಹಾಕಿ ವಾಪಸು ಕೊಟ್ಟರು.

"ನೀವೆಲ್ಲ ಒಳ್ಳೇವ್ರೇ ಅಕ್ಕ," ಅಂದರು. "ಆದ್ರೆ ಇನ್ಮೇಲೆ ನಾನು ಒಂದು ನಿಂಬೆಹಣ್ಣು ತರೋವಾಗ್ಲೂ ಯೋಚ್ನೆ ಮಾಡ್ಬೇಕಾಗುತ್ತೆ."

ನಾನು ಅವರಿಂದ ಕೇಳಿದ ಅತಿ ಉದ್ದದ ಮಾತು ಅದೇ. ಆಮೇಲೆ ಅವರು ಬಾಗಿಲು ಹಾಕಿಕೊಂಡು ಬತ್ತಿ ಹೊಸೆಯತೊಡಗಿದರು. ಹೊಸ್ತಿಲಲ್ಲಿ ನನಗೆ ಜಾಗವಿರಲಿಲ್ಲ. ತಿಂಗಳು ತುಂಬಿದ ಮೇಲೆ ಗಾಡಿ ಬಂತು. ಅಜ್ಜಿ ಗೇಟಿನಲ್ಲಿ ನಿಂತು, "ಹೋಗ್ಲೇಬೇಕೇನಮ್ಮ?" ಅಂದಳು. ಆಂಟಿ "ಹೋಗ್ತೀನಿ ದೊಡ್ಡಮ್ಮ" ಅಂದರು. ನನ್ನ ತಲೆಯ ಮೇಲೆ ಕೈಯಿಟ್ಟು, ಒಂದು ಕ್ಷಣ ಇಟ್ಟುಕೊಂಡೇ ಇದ್ದು, ಗಾಡಿ ಹತ್ತಿದರು.

ಅಪ್ಪ ಗೇಟಿಗೆ ಟು-ಲೆಟ್ ಬೋರ್ಡು ಕಟ್ಟಿದ. ಔಟ್‌ಹೌಸಿನ ಬೀಗ ಸುಮ್ಮನೆ ಕೊಂಡಿಯಲ್ಲಿ ನೇತಾಡುತ್ತಿತ್ತು. ನಾನು ಒಳಗೆ ಹೋಗಿ ಗೋಡೆಯ ಮೇಲೆ ಬರೆಯತೊಡಗಿದೆ, ಯಾರೂ ಬೇಡವೆನ್ನಲಿಲ್ಲ. ಮನೆ ನೋಡಲು ಬಂದವರನ್ನೆಲ್ಲ ಅಜ್ಜಿ ಗೇಟಿನಲ್ಲೇ ವಿಚಾರಿಸುತ್ತಿದ್ದಳು. ಒಬ್ಬರಿಗೆ ನೀರಿಲ್ಲ ಅಂದಳು, ಇನ್ನೊಬ್ಬರಿಗೆ ಸೊಳ್ಳೆ ಅಂದಳು. ಒಂದು ಭಾನುವಾರ ಹೊಸದಾಗಿ ಮದುವೆಯಾದ ಗಂಡಹೆಂಡತಿ ಬಂದರು. ಆ ಹುಡುಗಿ ಗೇಟಿನಿಂದ ಹಿತ್ತಲು ಮುಟ್ಟುವುದರೊಳಗೆ ತನ್ನ ತವರು, ಗಂಡನ ಆಫೀಸು, ಅತ್ತೆಯ ಮಂಡಿನೋವು ಎಲ್ಲ ಹೇಳಿ ಮುಗಿಸಿದಳು.

"ಅಬ್ಬಬ್ಬಾ, ಏನ್ ಬಾಯಮ್ಮ ನಿಂದು," ಅಂದಳು ಅಜ್ಜಿ. "ಬ್ಯಾರೆ ಕಡೆ ನೋಡ್ಕಳಿ ಹೋಗಿ."

ಅವರು ಹೋದ ಮೇಲೆ ಅಪ್ಪನಿಗೆ ಕೋಪ ತಡೆಯಲಿಲ್ಲ.

"ಅವ್ವ, ಎಷ್ಟ್ ದಿನ ಅಂತ ಹಿಂಗ್ ಖಾಲಿ ಬಿಡಾದು ಮನೇನ?"

"ಖಾಲಿ ಎಲ್ಲೈತ್ಲಾ? ಮಗು ಕುಂತೈತೆ ಒಳಗೆ. ಅದು ಎದ್ಮೇಲೆ ನೋಡಾನ."

ಔಟ್‌ಹೌಸಿನ ಕಿಟಕಿ ಸರಿಯಾಗಿ ಅಜ್ಜಿಯ ಮಂಚಕ್ಕೆ ಎದುರಾಗಿತ್ತು. ಅಲ್ಲಿ ಕೂರಲು ಬಿಟ್ಟಿದ್ದು ನನ್ನ ಮೇಲಿನ ಅಕ್ಕರೆಗೋ, ಮಲಗಿದಲ್ಲಿಂದಲೇ ಒಂದು ಕಣ್ಣಿಟ್ಟಿರಬಹುದು ಅಂತಲೋ, ನನಗೆ ಇವತ್ತಿಗೂ ಅನುಮಾನ. ಅಪ್ಪ ಗೊಣಗುತ್ತ ಗೇಟಿಗೆ ಹೋಗಿ, ಬೋರ್ಡಿನ ತಂತಿ ಬಿಚ್ಚಿ, ಅದನ್ನು ಒಳಗೆ ತಂದಿಟ್ಟ.